ಎರಡಾಣೆಯ ಬಂಡವಾಳ: ಡಾ. ಟಿ.ಎಂ.ಎ. ಪೈ ಅವರ ಬದುಕು ಮತ್ತು ಸಣ್ಣ ಹಿಡುವಳಿದಾರರ ಹಣಕಾಸು

ಬೆಳೆ ಪೋಷಣೆ, ರೋಗ ನಿರ್ವಹಣೆ, ಮಣ್ಣಿನ ಫಲವತ್ತತೆ ಇವೇ ಸಾಮಾನ್ಯವಾಗಿ ಈ ಅಂಕಣದ ವಿಷಯಗಳು. ಈ ಬಾರಿ ಬ್ಯಾಂಕೊಂದನ್ನು ಕಟ್ಟಿದ ವೈದ್ಯರೊಬ್ಬರ ಜೀವನಚರಿತ್ರೆಯನ್ನು ಆಯ್ದುಕೊಂಡಿರುವುದಕ್ಕೆ ಕಾರಣವಿದೆ. ವಿರಾಜಪೇಟೆಯಿಂದ ಗೋಣಿಕೊಪ್ಪಲಿನತ್ತ ಸಾಗುವ ದಾರಿಯಲ್ಲಿರುವ ಬಿಟ್ಟಂಗಾಲದಂತಹ ಊರಿನಲ್ಲಿ ಕರಿಮೆಣಸಿನ ಶೀಘ್ರ ಸೊರಗು ರೋಗದ ಬಗ್ಗೆ ತಿಳಿಯದ ಬೆಳೆಗಾರರು ಈಗ ವಿರಳ. ಮುಂಗಾರು ಬಲಗೊಳ್ಳುವ ಮೊದಲೇ ಶೇ. 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸಬೇಕು, ಬುಡಕ್ಕೆ ತಾಮ್ರಯುಕ್ತ ಶಿಲೀಂಧ್ರನಾಶಕವನ್ನು ಸುರಿಯಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೂ ಮೇ ತಿಂಗಳ ಕೊನೆಯಲ್ಲಿ ಆಗಬೇಕಾದ ಸಿಂಪಡಣೆ ಜುಲೈವರೆಗೆ ಜಗ್ಗುವುದುಂಟು. ಹೀಗೆ ತಡವಾದಾಗ ಕಾರಣ ಹುಡುಕಿದರೆ ಬಹಳಷ್ಟು ಸಲ ಕಾಣಸಿಗುವುದು ಅಜ್ಞಾನವಲ್ಲ, ಆ ವಾರ ಕೈಯಲ್ಲಿ ಹಣವಿರಲಿಲ್ಲ ಎಂಬ ಸರಳ ಸಂಗತಿ. ಬೇಸಾಯಶಾಸ್ತ್ರದ ಶಿಫಾರಸುಗಳೆಲ್ಲವೂ ಸಕಾಲದಲ್ಲಿ ದೊರೆಯುವ ಬಂಡವಾಳವನ್ನು ಹೇಳದೆಯೇ ಊಹಿಸಿಕೊಂಡಿರುತ್ತವೆ. ಆ ಊಹೆಯನ್ನು ನಿಜವಾಗಿಸಲು ಸುಮಾರು ನೂರು ವರ್ಷಗಳ ಹಿಂದೆ ಕರಾವಳಿಯಲ್ಲಿ ಹೊರಟವರು ತೋನ್ಸೆ ಮಾಧವ ಅನಂತ ಪೈ.

ಮಾಧವ ಪೈಗಳು ಜನಿಸಿದ್ದು 1898ರ ಏಪ್ರಿಲ್ 30ರಂದು, ಉಡುಪಿಗೆ ಸಮೀಪದ ಕಲ್ಯಾಣಪುರದಲ್ಲಿ. ಅಂದು ಅದು ಮದ್ರಾಸ್ ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆ. ಸುವರ್ಣಾ ನದಿಯ ದಡದ ಆ ಊರು ಭತ್ತ, ತೆಂಗು, ಮೀನು ಮತ್ತು ಸಣ್ಣ ವ್ಯಾಪಾರಗಳಿಂದ ಬದುಕುತ್ತಿತ್ತು. ಗೌಡ ಸಾರಸ್ವತ ಸಮಾಜದ ಸಾಧಾರಣ ಕುಟುಂಬ ಅವರದು. ಅಣ್ಣ ಉಪೇಂದ್ರ ಪೈಗಳು ಬಟ್ಟೆ ವ್ಯಾಪಾರದಲ್ಲಿ ನೆಲೆ ಕಂಡುಕೊಂಡರೆ, ತಮ್ಮ ಮದ್ರಾಸಿಗೆ ಹೋಗಿ ವೈದ್ಯಕೀಯ ಓದಿ, 1920ರ ದಶಕದ ನಡುವೆ ಊರಿಗೆ ಮರಳಿ ವೃತ್ತಿ ಆರಂಭಿಸಿದರು.

ಆ ಕಾಲದ ಕರಾವಳಿಯನ್ನು ಇಂದಿನ ಕಣ್ಣಿನಿಂದ ನೋಡಿದರೆ ತಪ್ಪು ಚಿತ್ರ ಮೂಡುತ್ತದೆ. ಇಂದು ಬ್ಯಾಂಕುಗಳ ತೊಟ್ಟಿಲು ಎಂದು ಕರೆಸಿಕೊಳ್ಳುವ ಜಿಲ್ಲೆ ಅಂದು ಮಲೇರಿಯಾ, ಹೊಳೆಗಳ ಅಡ್ಡಿ ಮತ್ತು ಸಾಲದ ಹೊರೆಗಳಿಂದ ಬಳಲುತ್ತಿತ್ತು. ವೈದ್ಯರ ಬಳಿ ಬರುವ ರೋಗಿಗೆ ಔಷಧದ ಹಣ ಕೊಡುವ ಶಕ್ತಿ ಇರುತ್ತಿರಲಿಲ್ಲ. ಗುಣವಾಗಿ ಹೋದವನು ಅದೇ ಅರೆಹೊಟ್ಟೆಯ ಮನೆಗೆ ಮರಳುತ್ತಿದ್ದ. ಬಡತನ, ಅನಾರೋಗ್ಯ ಮತ್ತು ಅವಿದ್ಯೆ ಒಂದನ್ನೊಂದು ಪೋಷಿಸುತ್ತವೆ ಎಂಬ ತಿಳಿವಳಿಕೆ ಪೈಗಳ ಮುಂದಿನ ಎಲ್ಲ ಕೆಲಸಗಳ ತಳಹದಿ. ಬ್ಯಾಂಕು, ಶಾಲೆ, ಆಸ್ಪತ್ರೆ ಮೂರನ್ನೂ ಅವರು ಕಟ್ಟಿದರು. ಅವುಗಳಲ್ಲಿ ಮೊದಲು ಕೈಹಾಕಿದ್ದು ಬ್ಯಾಂಕಿಗೆ ಎಂಬುದನ್ನು ನಾವು ಗಮನಿಸಬೇಕು.

ನೆಪವಾದದ್ದು ಕೈಮಗ್ಗ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹತ್ತೊಂಬತ್ತನೆಯ ಶತಮಾನದಲ್ಲೇ ನೇಯ್ಗೆ ಕಾರ್ಖಾನೆಗಳನ್ನು ನಡೆಸಿತ್ತು. ಉಡುಪಿಯ ಸುತ್ತಮುತ್ತ ಮನೆಮನೆಯಲ್ಲಿ ಮಗ್ಗದ ಕಸುಬು ನಡೆಯುತ್ತಿತ್ತು. 1920ರ ದಶಕದಲ್ಲಿ ಈ ಕಸುಬು ಬಿಕ್ಕಟ್ಟಿಗೆ ಸಿಲುಕಿತು. ನೇಕಾರರ ಕಷ್ಟದ ಸ್ವರೂಪವನ್ನು ಕಾಫಿ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ನೂಲು ಕೊಳ್ಳಲು ಹಣವಿಲ್ಲದವನು ನೂಲನ್ನು ವ್ಯಾಪಾರಿಯಿಂದಲೇ ಸಾಲವಾಗಿ ತರುತ್ತಾನೆ, ನೇಯ್ದ ಬಟ್ಟೆಯನ್ನು ಅದೇ ವ್ಯಾಪಾರಿ ಹೇಳಿದ ಬೆಲೆಗೆ ಕೊಡುತ್ತಾನೆ. ಕೌಶಲವೂ ದುಡಿಮೆಯೂ ತನ್ನದಾಗಿದ್ದರೂ ಬೆಲೆ ಕಟ್ಟುವ ಹಕ್ಕು ಅವನದಲ್ಲ. ಹಣ್ಣು ಗಿಡದಲ್ಲಿರುವಾಗಲೇ ಕಾಫಿಗೆ ಮುಂಗಡ ಪಡೆದು ಬೆಲೆಯನ್ನು ಬಿಟ್ಟುಕೊಡುವ ಸಣ್ಣ ಬೆಳೆಗಾರನ ಸ್ಥಿತಿ ಇದಕ್ಕಿಂತ ಬೇರೆಯಲ್ಲ.

1925ರಲ್ಲಿ ಮಾಧವ ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಮೂವರೂ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಒಬ್ಬರು ವೈದ್ಯರು, ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರು. ಮೂವರಲ್ಲಿ ಯಾರೂ ಬ್ಯಾಂಕಿಂಗ್ ಕಲಿತವರಲ್ಲ. ಬಹುಶಃ ಅದರಿಂದ ಒಳ್ಳೆಯದೇ ಆಯಿತು. ಆರಂಭದ ಬಂಡವಾಳ 8,000 ರೂಪಾಯಿ. ಆ ವರ್ಷದ ನವೆಂಬರ್ 10ರಂದು ವ್ಯವಹಾರ ಆರಂಭವಾಯಿತು. ನೇಕಾರರಿಗೆ ನೆರವಾಗುವುದೇ ಪ್ರಧಾನ ಉದ್ದೇಶ. ಹೆಸರಿನಲ್ಲಿ ಕೈಗಾರಿಕೆ ಎಂಬ ಪದ ಬ್ಯಾಂಕಿಂಗ್ ಪದಕ್ಕಿಂತ ಮುಂದೆ ನಿಂತಿರುವುದು ಆಕಸ್ಮಿಕವಲ್ಲ.

ಜಿಲ್ಲೆಗೆ ಬ್ಯಾಂಕು ಹೊಸತೇನೂ ಆಗಿರಲಿಲ್ಲ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್ ಮತ್ತು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್ ಬ್ಯಾಂಕ್ ಎರಡೂ 1906ರಲ್ಲೇ ಹುಟ್ಟಿದ್ದವು. 1924ರಲ್ಲಿ ಕರ್ಣಾಟಕ ಬ್ಯಾಂಕ್ ಬಂದಿತ್ತು. ಇತ್ತ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ್ದರು. ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿಯನ್ನು ಬೆಳೆಸುತ್ತಿದ್ದರು. ಹೀಗೆ ನೆಲ ಹದವಾಗಿತ್ತು. ಪೈಗಳ ಮುಂದಿದ್ದ ಸಮಸ್ಯೆ ಮಾತ್ರ ಹಳೆಯದೇ. ಬಡವನಿಗೆ ಸಾಲ ಕೊಡಬೇಕಾದರೆ ಎಲ್ಲಿಂದಲಾದರೂ ಹಣ ಬರಬೇಕು. ಶ್ರೀಮಂತರ ಠೇವಣಿಯನ್ನು ತಂದು ಬಡವರಿಗೆ ಕೊಡಲು ಶ್ರೀಮಂತರು ಒಪ್ಪಬೇಕು. ಅವರು ಕೇಳುವುದು ಭದ್ರತೆ, ಬಡವನಲ್ಲಿ ಇಲ್ಲದಿರುವುದೂ ಅದೇ.

1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ಈ ಗಂಟನ್ನು ಬಿಡಿಸಿದ ಬಗೆ ಸರಳವಾಗಿದೆ. ಬ್ಯಾಂಕಿನ ಪ್ರತಿನಿಧಿ ಪ್ರತಿದಿನ ಠೇವಣಿದಾರನ ಮನೆಗೆ ಅಥವಾ ಅಂಗಡಿಗೆ ಬರುತ್ತಾನೆ. ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಾನೆ, ಕಾರ್ಡಿನಲ್ಲಿ ಬರೆದುಕೊಡುತ್ತಾನೆ, ಮುಂದಿನ ಮನೆಗೆ ಹೋಗುತ್ತಾನೆ. ಅವನಿಗೆ ಸಂಬಳದ ಬದಲು ಸಂಗ್ರಹದ ಮೇಲೆ ಕಮಿಷನ್. ಠೇವಣಿದಾರ ಕೆಲಸ ಬಿಟ್ಟು ಬ್ಯಾಂಕಿಗೆ ಬರಬೇಕಿಲ್ಲ, ಅರ್ಜಿ ತುಂಬಬೇಕಿಲ್ಲ, ಮೆಟ್ಟಿಲೇರಲು ಹಿಂಜರಿಯಬೇಕಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಹದಿನಾರು ಆಣೆಗೆ ಒಂದು ರೂಪಾಯಿ. ದಿನಕ್ಕೆ ಎರಡಾಣೆಯಂತೆ ವರ್ಷವಿಡೀ ಕಟ್ಟಿದರೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಹೀಗೆ ತಪ್ಪದೆ ಕಟ್ಟುವ 175 ಮಂದಿ ಸಿಕ್ಕರೆ ವರ್ಷದ ಕೊನೆಗೆ ಕೂಡುವ ಮೊತ್ತ 8,000 ರೂಪಾಯಿಗೆ ಹದಿನಾರೇ ರೂಪಾಯಿ ಕಡಿಮೆ. ಅಂದರೆ ಸ್ಥಾಪಕರು ಸೇರಿ ಹೂಡಿದಷ್ಟೇ ಬಂಡವಾಳವನ್ನು ಒಂದು ಪೇಟೆಯ ಬೀದಿಯ ಬೀಡಿ ಅಂಗಡಿಯವರು, ಮೀನು ಮಾರುವವರು, ದರ್ಜಿಗಳು, ನೇಕಾರರು ವರ್ಷಕ್ಕೊಮ್ಮೆ ಹೊಸದಾಗಿ ಸೃಷ್ಟಿಸಬಲ್ಲರು. ಬಡವರ ಬಳಿ ಉಳಿಸಲು ಏನೂ ಇರುವುದಿಲ್ಲ ಎಂಬುದು ಅಂದಿನ ಬ್ಯಾಂಕುಗಳ ನಂಬಿಕೆಯಾಗಿತ್ತು. ಅವರ ಬಳಿ ದಿನಕ್ಕಿಷ್ಟು ಇರುತ್ತದೆ, ಸಂಜೆಯವರೆಗೆ ಮಾತ್ರ ಇರುತ್ತದೆ ಎಂಬುದನ್ನು ಪೈಗಳು ಕಂಡರು. ಆದ್ದರಿಂದ ಬ್ಯಾಂಕು ಸಂಜೆಯೊಳಗೆ ಅವರ ಬಾಗಿಲಿಗೆ ಹೋಗಬೇಕಾಯಿತು.

ಬೇಸಾಯ ವಿಜ್ಞಾನದಲ್ಲಿ ಇದಕ್ಕೆ ಹತ್ತಿರದ ಹೋಲಿಕೆಯೊಂದಿದೆ. ಒಂದೇ ಬಾರಿಗೆ ಗೊಬ್ಬರ ಸುರಿದರೆ ಮಳೆಗೆ ಕೊಚ್ಚಿಹೋಗುತ್ತದೆ ಎಂದೇ ನಾವು ಕಂತುಗಳಲ್ಲಿ ಕೊಡಲು ಹೇಳುತ್ತೇವೆ. ಹಣದ ವಿಷಯದಲ್ಲೂ ಬೇರು ಹೀರಿಕೊಳ್ಳುವ ವೇಗಕ್ಕೆ ತಕ್ಕಂತೆ ಕೊಡುವುದು, ತೆಗೆದುಕೊಳ್ಳುವುದು ಎರಡೂ ನಡೆಯಬೇಕು.

ಪಿಗ್ಮಿಯ ಎರಡನೆಯ ಪ್ರಯೋಜನ ಮೊದಲನೆಯದಕ್ಕಿಂತ ದೊಡ್ಡದೆಂದು ನನ್ನ ಅಭಿಪ್ರಾಯ. ಮುನ್ನೂರು ದಿನ ಒಬ್ಬನ ಬಾಗಿಲಿಗೆ ಹೋಗಿಬಂದ ಪ್ರತಿನಿಧಿಗೆ ಆ ಮನೆಯ ಆರ್ಥಿಕ ಸ್ಥಿತಿ ಯಾವ ದಾಖಲೆಗಿಂತಲೂ ಚೆನ್ನಾಗಿ ತಿಳಿದಿರುತ್ತದೆ. ಯಾವ ತಿಂಗಳು ಕೈ ಬಿಗಿ, ಯಾವಾಗ ಸಡಿಲ, ಮನೆಯವರು ಮಾತಿಗೆ ನಿಲ್ಲುವವರೇ, ಅಂಗಡಿ ನಡೆಯುತ್ತಿದೆಯೇ ಎಂಬುದೆಲ್ಲ ಆ ಕಾರ್ಡಿನ ಸಾಲುಗಳಲ್ಲಿ ಅಡಗಿರುತ್ತದೆ. ಠೇವಣಿಯ ಮೇಲೆಯೇ ಸಾಲ ಪಡೆಯುವ ಅವಕಾಶವೂ ಇದೆ. ಅಡವಿಡಲು ಜಮೀನಿಲ್ಲದವನಿಗೆ ತನ್ನ ಶಿಸ್ತೇ ಭದ್ರತೆಯಾಗಿ ನಿಲ್ಲುವ ಏರ್ಪಾಡು ಇದು. ಇದೇ ತತ್ವ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನಲ್ಲೂ 1992ರಲ್ಲಿ ನಬಾರ್ಡ್ ಆರಂಭಿಸಿದ ಸ್ವಸಹಾಯ ಸಂಘ ಮತ್ತು ಬ್ಯಾಂಕ್ ಜೋಡಣೆಯಲ್ಲೂ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು. ಉಡುಪಿಯಲ್ಲಿ ಅದು ಆರು ದಶಕ ಮೊದಲೇ ನಡೆಯುತ್ತಿತ್ತು.

ಪಿಗ್ಮಿ ಆರಂಭವಾದ 1928ರಲ್ಲೇ ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆಯಿತು. ಮದ್ರಾಸು, ಮುಂಬಯಿಗಳ ಬದಲು ಉಡುಪಿಯಿಂದ ಕೆಲವೇ ಮೈಲಿ ದೂರದ ಹಳ್ಳಿಪೇಟೆಯನ್ನು ಆರಿಸಿಕೊಂಡ ಈ ನಿರ್ಧಾರದಲ್ಲಿ ಸಂಸ್ಥೆಯ ದಿಕ್ಕು ಸ್ಪಷ್ಟವಾಗಿತ್ತು. ಮರುವರ್ಷವೇ ಜಗತ್ತಿನ ಮಹಾ ಆರ್ಥಿಕ ಕುಸಿತ ಆರಂಭವಾಯಿತು. ಕೃಷಿ ಉತ್ಪನ್ನಗಳ ಬೆಲೆ ನೆಲಕಚ್ಚಿತು. 1938ರಲ್ಲಿ ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಕುಸಿದಾಗ ದಕ್ಷಿಣ ಭಾರತದ ಠೇವಣಿದಾರರಲ್ಲಿ ಭಯ ಹರಡಿತು. ಅಂತಹ ವರ್ಷಗಳನ್ನು ಈ ಸಂಸ್ಥೆ ದಾಟಿ ನಿಂತಿತು. ಕೆಲವೇ ದೊಡ್ಡ ಠೇವಣಿದಾರರನ್ನು ನಂಬಿದ ಬ್ಯಾಂಕು ಒಬ್ಬಿಬ್ಬರು ಹಣ ಹಿಂತೆಗೆದರೆ ನಡುಗುತ್ತದೆ. ಸಾವಿರಾರು ಸಣ್ಣ ಠೇವಣಿಗಳ ಮೇಲೆ ನಿಂತದ್ದು ಅಷ್ಟು ಸುಲಭವಾಗಿ ಅಲುಗಾಡುವುದಿಲ್ಲ. ಒಂದೇ ಬೆಳೆಯ ತೋಟಕ್ಕೂ ಕಾಫಿ, ಮೆಣಸು, ಕಿತ್ತಳೆ, ಅಡಿಕೆ ಬೆರೆತ ತೋಟಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ಕೊಡಗಿನವರಿಗೆ ಇದು ಹೊಸ ಮಾತಲ್ಲ.

ಶಿಕ್ಷಣದ ಕ್ಷೇತ್ರದಲ್ಲಿ ಪೈಗಳು ಮಾಡಿದ ಕೆಲಸ ಹೆಚ್ಚು ಪ್ರಸಿದ್ಧ. ಇಲ್ಲಿ ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್, 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು. ಮಣ್ಣುಪಳ್ಳ ಎಂಬ ಕೆರೆಯಿಂದ ಹೆಸರು ಪಡೆದ ಮಣಿಪಾಲದ ಬೋಳುಗುಡ್ಡ ವಿದ್ಯಾನಗರವಾಯಿತು. ಸರ್ಕಾರದ ಹಣಕ್ಕೆ ಕಾಯದೆ ವಿದ್ಯಾರ್ಥಿಗಳ ಪೋಷಕರಿಂದಲೇ ಬಂಡವಾಳ ಕೂಡಿಸುವ ಕ್ರಮವನ್ನು ಅವರು ಅನುಸರಿಸಿದರು. ಇದೇ ಮುಂದೆ ಕ್ಯಾಪಿಟೇಷನ್ ಶುಲ್ಕವೆಂಬ ವಿವಾದಕ್ಕೆ ದಾರಿಯಾಯಿತು. ಎರಡಾಣೆಯವನಿಗೆ ಬಾಗಿಲು ತೆರೆದವರ ವಿದ್ಯಾಸಂಸ್ಥೆಗಳ ಬಾಗಿಲು ಎರಡಾಣೆಯವನಿಗೆ ಎಷ್ಟು ತೆರೆದಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅವರ ಬದುಕನ್ನು ಬರೆಯುವವರು ಅದನ್ನು ಮರೆಮಾಚಬಾರದು.

ಬ್ಯಾಂಕಿನತ್ತ ಮರಳೋಣ. ಸ್ವಾತಂತ್ರ್ಯಾನಂತರ ರಿಸರ್ವ್ ಬ್ಯಾಂಕ್ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ 1954ರಲ್ಲಿ ಹೊರಬಂದಿತು. 1951-52ರಲ್ಲಿ ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ. 3ರಷ್ಟು, ವಾಣಿಜ್ಯ ಬ್ಯಾಂಕುಗಳ ಪಾಲು ಶೇ. 1ಕ್ಕೂ ಕಡಿಮೆ, ಲೇವಾದೇವಿದಾರರ ಪಾಲು ಸುಮಾರು ಶೇ. 70 ಎಂದು ಅದು ತೋರಿಸಿತು. ಬ್ಯಾಂಕುಗಳ ಮಟ್ಟಿಗೆ ರೈತ ಇರಲೇ ಇಲ್ಲ ಎನ್ನಬಹುದು. ಈ ಹಿನ್ನೆಲೆಯಲ್ಲಿ ಉಪೇಂದ್ರ ಪೈಗಳ ಮಗ ಟಿ.ಎ. ಪೈ ಅವರ ಕೆಲಸವನ್ನು ನೋಡಬೇಕು. ಚಿಕ್ಕಪ್ಪನ ಗರಡಿಯಲ್ಲಿ ಬೆಳೆದ ಅವರು 1940ರ ದಶಕದಲ್ಲೇ ಬ್ಯಾಂಕಿನ ಆಡಳಿತದ ಹೊಣೆ ಹೊತ್ತರು. ಅವರ ಕಾಲದಲ್ಲಿ ಬ್ಯಾಂಕು ಕೃಷಿ ಸಾಲಕ್ಕೆ ವಿಶೇಷ ಗಮನ ನೀಡಿತು, ಕೃಷಿ ಪದವೀಧರರನ್ನು ನೇಮಿಸಿಕೊಂಡಿತು. ಬೆಳೆಯ ಅರಿವಿದ್ದವನೇ ಬೆಳೆಸಾಲದ ಅರ್ಜಿಯನ್ನು ಪರಿಶೀಲಿಸಬೇಕೆಂಬುದು ಇಂದಿಗೆ ಸಹಜವೆನಿಸಬಹುದು, ಅಂದು ಅಪೂರ್ವವಾಗಿತ್ತು. ಮುಂದೆ ಟಿ.ಎ. ಪೈ ಅವರು ಭಾರತೀಯ ಆಹಾರ ನಿಗಮದ ಮೊದಲ ಅಧ್ಯಕ್ಷರೂ ಕೇಂದ್ರ ಸಚಿವರೂ ಆದರು.

1960ರ ದಶಕದ ಮೊದಲ ಭಾಗದಲ್ಲಿ ಸಂಸ್ಥೆಯ ಹೆಸರು ಸಿಂಡಿಕೇಟ್ ಬ್ಯಾಂಕ್ ಎಂದಾಯಿತು, ಪ್ರಧಾನ ಕಚೇರಿ ಮಣಿಪಾಲಕ್ಕೆ ಬಂದಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ ಹದಿನಾಲ್ಕು ಬ್ಯಾಂಕುಗಳಲ್ಲಿ ಇದೂ ಒಂದು. ಆ ಹೊತ್ತಿಗೆ ದೇಶದ ಬ್ಯಾಂಕುಗಳ ಒಟ್ಟು ಸಾಲದಲ್ಲಿ ಕೃಷಿಗೆ ಸಿಗುತ್ತಿದ್ದುದು ಶೇ. 2ರ ಆಸುಪಾಸು ಎಂಬುದು ರಾಷ್ಟ್ರೀಕರಣದ ಪ್ರಮುಖ ಸಮರ್ಥನೆಗಳಲ್ಲೊಂದಾಗಿತ್ತು. ಸಣ್ಣವರನ್ನು ಮರೆತವೆಂಬ ಆರೋಪದ ಮೇಲೆ ಬ್ಯಾಂಕುಗಳನ್ನು ಸರ್ಕಾರ ವಶಪಡಿಸಿಕೊಂಡಾಗ, ಸಣ್ಣವರಿಂದಲೇ ಕಟ್ಟಿದ ಬ್ಯಾಂಕೂ ಆ ಪಟ್ಟಿಯಲ್ಲಿತ್ತು. ಇದನ್ನು ವಿಪರ್ಯಾಸವೆನ್ನುವವರಿದ್ದಾರೆ. ಗಾತ್ರವನ್ನು ನೋಡಿ ಮಾಡಿದ ಆಯ್ಕೆಯಲ್ಲಿ ಇಂತಹದ್ದು ಆಗುವುದು ಸಹಜವೆಂದೇ ನನಗೆ ತೋರುತ್ತದೆ. 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾದ ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕಾದ ಪ್ರಥಮಾ ಬ್ಯಾಂಕನ್ನು ಪ್ರಾಯೋಜಿಸಿದ್ದು ಇದೇ ಸಿಂಡಿಕೇಟ್ ಬ್ಯಾಂಕ್. ಅಂದರೆ ಹಳ್ಳಿಗೆ ಹೋಗುವ ಕೆಲಸ ಯಾರಿಗೆ ಗೊತ್ತಿತ್ತೆಂಬುದು ಸರ್ಕಾರಕ್ಕೂ ತಿಳಿದಿತ್ತು.

ಪೈಗಳ ಈ ಕ್ರಮವನ್ನು ಬಿಟ್ಟಂಗಾಲದ ಒಬ್ಬ ಬೆಳೆಗಾರನ ಎದುರು ಇಟ್ಟು ನೋಡಿದಾಗ ಅದರ ಶಕ್ತಿಯೂ ಮಿತಿಯೂ ಕಾಣುತ್ತವೆ. ಕಾಫಿ ಮಂಡಳಿಯ ಲೆಕ್ಕದಲ್ಲಿ ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟವಿದ್ದವರು ಸಣ್ಣ ಬೆಳೆಗಾರರು. ಕೊಡಗಿನ ಬಹುಪಾಲು ಹಿಡುವಳಿಗಳು ಈ ವರ್ಗಕ್ಕೇ ಸೇರುತ್ತವೆ. ರೊಬಸ್ಟಾ ಕೊಯ್ಲು ಡಿಸೆಂಬರಿನಿಂದ ಮಾರ್ಚಿವರೆಗೆ, ಮೆಣಸಿನ ಕೊಯ್ಲು ಅದರ ಬೆನ್ನಲ್ಲೇ. ಹಣ ಬರುವುದು ಆಗ. ಹೋಗುವುದೋ ವಾರವಾರ. ಸಂತೆಯ ದಿನಕ್ಕೆ ಕೂಲಿ, ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ತುಂತುರು ನೀರಾವರಿಗೆ ಡೀಸೆಲ್, ಮೇ ತಿಂಗಳಲ್ಲಿ ಗೊಬ್ಬರ, ನಂತರ ಬೋರ್ಡೋ, ಮರಗಸಿ, ಮಳೆ ಮುಗಿದ ಮೇಲೆ ಮತ್ತೆ ಗೊಬ್ಬರ. ದಿನದ ದುಡಿಮೆಯ ಅಂಗಡಿಯವನಿಗೆ ಹೊಂದುವ ದೈನಂದಿನ ಠೇವಣಿ ವರ್ಷಕ್ಕೊಮ್ಮೆ ಹಣ ಕಾಣುವವನಿಗೆ ಹಾಗೆಯೇ ಹೊಂದುವುದಿಲ್ಲ. ಇಲ್ಲಿ ಬೇಕಾಗಿರುವುದು ಅದರ ತಿರುವುಮುರುವು. ಸಾಲವೇ ಸಣ್ಣ ಕಂತುಗಳಲ್ಲಿ, ಕೆಲಸದ ಕ್ಯಾಲೆಂಡರಿಗೆ ಸರಿಯಾಗಿ ಬಂದು, ಕೊಯ್ಲಿನಲ್ಲಿ ಒಟ್ಟಾಗಿ ತೀರಬೇಕು. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಮೂಲ ಕಲ್ಪನೆ ಇದೇ. ಬೇಕಾದಾಗ ಬೇಕಾದಷ್ಟೇ ತೆಗೆದು, ತೆಗೆದ ಮೊತ್ತಕ್ಕೆ ಮಾತ್ರ ಬಡ್ಡಿ ಕಟ್ಟುವ ಸೌಲಭ್ಯ ಅದರಲ್ಲಿದೆ. ಆದರೆ ಅನೇಕರು ಮಂಜೂರಾದ ದಿನವೇ ಪೂರ್ತಿ ಹಣವನ್ನು ಹಿಂಪಡೆದು, ವರ್ಷಾಂತ್ಯಕ್ಕೆ ನವೀಕರಣಕ್ಕಾಗಿ ಬೇರೆಡೆ ಕೈಸಾಲ ತಂದು ತುಂಬುತ್ತಾರೆ. ಹಾಗೆ ಬಳಸಿದಾಗ ಕಾರ್ಡು ಮಾಮೂಲಿ ಸಾಲವಾಗಿಬಿಡುತ್ತದೆ, ಮೇ ತಿಂಗಳ ಸಿಂಪಡಣೆಗೆ ಮತ್ತೆ ಕೈ ಖಾಲಿ.

ಕೊಡಗಿನವರಿಗೆ ಇದರಲ್ಲಿ ಒಂದು ಹಳೆಯ ಅನುಭವವೂ ಇದೆ. 1940ರ ದಶಕದಿಂದ 1990ರ ದಶಕದವರೆಗೆ ಕಾಫಿಯನ್ನು ಮಂಡಳಿಯ ಪೂಲಿಗೇ ಕೊಡಬೇಕಿತ್ತು. ಕೊಟ್ಟಾಗ ಮುಂಗಡ, ಮಾರಾಟವಾದಂತೆ ಉಳಿದ ಕಂತುಗಳು. ಬೆಲೆಯ ವಿಷಯದಲ್ಲಿ ಆ ವ್ಯವಸ್ಥೆಯ ಬಗ್ಗೆ ದೂರುಗಳು ಸಾಕಷ್ಟಿದ್ದವು. ಆದರೆ ಕೊಯ್ದ ಕಾಫಿಯೇ ಬೆಳೆಗಾರನ ಪಾಲಿಗೆ ಭದ್ರತೆಯಾಗಿತ್ತು, ಹಣ ಒಮ್ಮೆಲೇ ಬಾರದೆ ಹಂಚಿಕೊಂಡು ಬರುತ್ತಿತ್ತು. ಮುಕ್ತ ಮಾರುಕಟ್ಟೆ ಬಂದ ಮೇಲೆ ಬೆಲೆಯ ಸ್ವಾತಂತ್ರ್ಯ ದೊರೆಯಿತು. ಕಂತಿನ ಆ ಏರ್ಪಾಡಿನ ಸ್ಥಾನದಲ್ಲಿ ಬೇರೊಂದು ಬರಲಿಲ್ಲ. ಬೆಲೆ ಏರುವವರೆಗೆ ಕಾಯಬಲ್ಲವರು ಲಾಭ ಪಡೆದರು, ಕಾಯಲಾಗದವರು ಕೊಯ್ಲಿನ ವಾರದಲ್ಲೇ ಮಾರಿದರು.

ಎರಡನೆಯ ತೊಡಕು ಕೊಡಗಿಗೇ ವಿಶಿಷ್ಟವಾದದ್ದು. ಜಮ್ಮಾ ಹಿಡುವಳಿಗಳು ಕುಟುಂಬದ ಹೆಸರಿನಲ್ಲಿ, ಪಟ್ಟೇದಾರರ ಮುಖಾಂತರ ತಲೆಮಾರುಗಳಿಂದ ಬಂದವು. ತೋಟವನ್ನು ಪಾಲು ಮಾಡಿಕೊಂಡು ಬೇರೆ ಬೇರೆ ಮನೆಯವರು ದುಡಿಯುತ್ತಿದ್ದರೂ ಪಹಣಿಯಲ್ಲಿ ಹಲವು ಹೆಸರುಗಳು ಒಟ್ಟಿಗಿರುತ್ತವೆ, ಕೆಲವೊಮ್ಮೆ ತೀರಿಕೊಂಡವರ ಹೆಸರೂ ಉಳಿದಿರುತ್ತದೆ. ಅಡಮಾನಕ್ಕೆ ಸ್ಪಷ್ಟ ಹಕ್ಕುಪತ್ರ ಕೇಳುವ ಬ್ಯಾಂಕಿನ ಎದುರು ಚೆನ್ನಾಗಿ ದುಡಿಯುವ ಬೆಳೆಗಾರನೂ ದಾಖಲೆಯಿಲ್ಲದವನಾಗುತ್ತಾನೆ. ಕಂದಾಯ ಕಾನೂನಿನ ತಿದ್ದುಪಡಿಗಳು ಈ ಗೋಜಲನ್ನು ಬಿಡಿಸುವ ದಿಕ್ಕಿನಲ್ಲಿವೆ. ಅಷ್ಟರಲ್ಲಿ ಬೆಳೆಗಾರರು ತಿಳಿದಿರಬೇಕಾದ ಒಂದು ಸಂಗತಿಯಿದೆ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಆಧಾರ ಕೇಳುವಂತಿಲ್ಲ. ಅದಕ್ಕೆ ಮೊದಲು ಈ ಮಿತಿ 1.6 ಲಕ್ಷವಿತ್ತು. ಗೇಣಿದಾರರು, ಪಾಲುಗಾರರು ಕೂಡ ಜಂಟಿ ಬಾಧ್ಯತಾ ಗುಂಪುಗಳ ಮೂಲಕ ಕಿಸಾನ್ ಕ್ರೆಡಿಟ್ ಕಾರ್ಡಿಗೆ ಅರ್ಹರು. ಕಾಫಿ ಹುರಿದು ಪುಡಿ ಮಾಡುವ, ಮೆಣಸು ಸಂಸ್ಕರಿಸುವ ಸಣ್ಣ ಘಟಕ ಹಾಕುವವರಿಗೆ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಸಾಲಕ್ಕೆ ಜೋಡಿಸಿದ ಸಹಾಯಧನವಿದೆ, 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಸಾಲಕ್ಕೆ ಆಧಾರ ಬೇಕಿಲ್ಲ.

ಆಧಾರ ಬೇಡವೆಂದರೆ ಪುರಾವೆ ಬೇಡವೆಂದಲ್ಲ. ಪಿಗ್ಮಿ ಕಾರ್ಡು ಇಲ್ಲಿ ಮತ್ತೆ ಪ್ರಸ್ತುತವಾಗುತ್ತದೆ. ಕಾಫಿ ಮಾರಿದ ಬಿಲ್ಲುಗಳನ್ನು ಜೋಪಾನವಾಗಿಡುವುದು, ಮಾರಾಟದ ಹಣವನ್ನು ನಗದಾಗಿ ಪಡೆಯದೆ ಖಾತೆಗೆ ಹಾಕಿಸುವುದು, ಗೊಬ್ಬರ ಮತ್ತು ಕೂಲಿಯ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯುವುದು, ಸಹಕಾರ ಸಂಘದ ಖಾತೆಗೆ ತಿಂಗಳಿಗಿಷ್ಟೆಂದು ಕಟ್ಟುವುದು, ಇವು ಮೂರು ವರ್ಷ ನಡೆದರೆ ಬೆಳೆಗಾರನ ಬಗ್ಗೆ ಪಹಣಿ ಹೇಳದ ಸಂಗತಿಯನ್ನು ಹೇಳುತ್ತವೆ. ವ್ಯಾಪಾರಿಯಿಂದ ಬಿಲ್ಲಿಲ್ಲದೆ ನಗದು ಪಡೆಯುವುದು ಆ ದಿನಕ್ಕೆ ಅನುಕೂಲ. ಬ್ಯಾಂಕಿನ ದೃಷ್ಟಿಯಲ್ಲಿ ಅಂತಹ ತೋಟ ಆ ವರ್ಷ ಫಸಲನ್ನೇ ಕೊಟ್ಟಿಲ್ಲ.

ಪಿಗ್ಮಿಯ ಹಿಂದಿದ್ದ ದುಡಿಮೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ರತಿದಿನ ಮನೆಮನೆಗೆ ನಡೆದ ಸಂಗ್ರಾಹಕರು ಬ್ಯಾಂಕಿನ ನೌಕರರೇ ಅಥವಾ ಬರೀ ಕಮಿಷನ್ ಏಜೆಂಟರೇ ಎಂಬ ವ್ಯಾಜ್ಯ ಬಹುಕಾಲ ನಡೆಯಿತು. ಅವರೂ ಕಾರ್ಮಿಕರೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟದ್ದು 2001ರಲ್ಲಿ, ಯೋಜನೆ ಆರಂಭವಾಗಿ ಎಪ್ಪತ್ತಮೂರು ವರ್ಷಗಳಾದ ಮೇಲೆ. ಸಣ್ಣವನ ಬಾಗಿಲಿಗೆ ಬ್ಯಾಂಕು ಹೋಗಬೇಕಾದರೆ ಯಾರಾದರೂ ನಡೆಯಲೇಬೇಕು, ಆ ನಡಿಗೆಗೆ ಬೆಲೆಯಿದೆ. ಸಣ್ಣ ಮೊತ್ತಗಳ ವ್ಯವಹಾರ ದುಬಾರಿಯೆಂದು ದೊಡ್ಡ ಬ್ಯಾಂಕುಗಳು ದೂರ ಉಳಿಯಲು ಇದೇ ಕಾರಣ. ಪೈಗಳು ಈ ವೆಚ್ಚವನ್ನು ಇಲ್ಲವಾಗಿಸಲಿಲ್ಲ, ಅದರ ಒಂದು ಭಾಗವನ್ನು ಸಂಗ್ರಾಹಕರ ಹೆಗಲಿಗೆ ವರ್ಗಾಯಿಸಿದರು ಎನ್ನುವುದು ನ್ಯಾಯವಾದೀತು.

ಡಾ. ಪೈ ಅವರಿಗೆ 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 1979ರ ಮೇ 29ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಹೋದ ಮರುವರ್ಷ ಇನ್ನೂ ಆರು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಅವುಗಳಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳೂ ಸೇರಿ, ಅವಿಭಜಿತ ದಕ್ಷಿಣ ಕನ್ನಡ ಒಂದೇ ಜಿಲ್ಲೆಯಿಂದ ದೇಶಕ್ಕೆ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳು ಸಂದಂತಾಯಿತು. 1982ರಲ್ಲಿ ಧರ್ಮಸ್ಥಳದ ಜೊತೆಗೂಡಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟಿ, ಸ್ವಂತ ಉದ್ಯೋಗಕ್ಕೆ ಗ್ರಾಮೀಣ ಯುವಜನರನ್ನು ತರಬೇತುಗೊಳಿಸಿ ಸಾಲದವರೆಗೆ ಕೈಹಿಡಿಯುವ ಮಾದರಿಯಾಯಿತು. ಅದೇ ಮಾದರಿಯಲ್ಲಿ ಇಂದು ಜಿಲ್ಲೆಗೊಂದರಂತೆ ತರಬೇತಿ ಸಂಸ್ಥೆಗಳು ದೇಶದಾದ್ಯಂತ ನಡೆಯುತ್ತಿವೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಫಲಕಗಳು ಬದಲಾದವು. ಪಿಗ್ಮಿ ಎಂಬ ಹೆಸರು ಮಾತ್ರ ಅದಕ್ಕೆ ಬಹಳ ಮೊದಲೇ ಬ್ಯಾಂಕಿನ ಕೈಮೀರಿ ಕನ್ನಡದ ಪದವಾಗಿತ್ತು. ಸಹಕಾರ ಸಂಘಗಳು, ಪಟ್ಟಣ ಬ್ಯಾಂಕುಗಳು ಅದನ್ನು ತಮ್ಮದಾಗಿಸಿಕೊಂಡಿವೆ. ಪೇಟೆಬೀದಿಗಳಲ್ಲಿ ಕಾರ್ಡಿನ ಬದಲು ಕೈಯಲ್ಲಿ ಪುಟ್ಟ ಯಂತ್ರ ಹಿಡಿದ ಸಂಗ್ರಾಹಕರು ಇಂದಿಗೂ ಸಂಜೆಯ ಹೊತ್ತಿಗೆ ಅಂಗಡಿಯಿಂದ ಅಂಗಡಿಗೆ ನಡೆಯುತ್ತಾರೆ, ರಸೀದಿ ಹರಿದು ಕೊಡುತ್ತಾರೆ.